ಕಿರೀಟದ ಅಂಟು

ಬೆಳಕಿನ ಒಂದು ಚುಕ್ಕೆ ಪೆಂಡಾಲಿನ ಬಿಳಿ ಬಟ್ಟೆಯ ಮೇಲೆ ಓಡಾಡುತ್ತಿದೆ, ಈಗ ಕಂಬದ ಹತ್ತಿರ, ಈಗ ಫ್ಯಾನಿನ ರೆಕ್ಕೆಯ ಮೇಲೆ, ಈಗ ಯಾರದೋ ಬೋಳುತಲೆಯ ಮೇಲೆ — ಮಾವ ತಲೆ ಹೊರಳಿಸಿದಂತೆಲ್ಲ ಅದೂ ಹೊರಳುತ್ತದೆ, ಕಿರೀಟದ ನಟ್ಟನಡುವೆ ನಾನೇ ಕೂರಿಸಿದ ಕನ್ನಡಿ ಚೂರಿನ ಬೆಳಕು ಅದು, ಮುಂಜಾನೆಯಿಂದ ಅದನ್ನೇ ನೋಡಿ ಹಿಗ್ಗುತ್ತಿದ್ದೆ, ನೋಡ್ರಿ ನೋಡ್ರಿ ಇದು ವಂದನಾನ ಕೈ ಎಂದು ಊರ ಮಂದಿಗೆಲ್ಲ ತೋರಿಸುತ್ತಾ ಹೋಗುತ್ತಿದೆ ಅನಿಸುತ್ತಿತ್ತು, ಈಗ ಬೇಡ, ಈಗ ಅದು ಒಂದೆಡೆ ಸುಮ್ಮನೆ ನಿಂತರೆ ಸಾಕು, ಮಾವ ತಲೆ ಹೊರಳಿಸದಿರಲಿ, ಬೆವರದಿರಲಿ, ಆದರೆ ಬೆವರದೆ ಏನು ಮಾಡಿಯಾರು, ಏಪ್ರಿಲ್ ತಿಂಗಳು, ಹನ್ನೊಂದು ಗಂಟೆ, ಕಲ್ಲೋಳಿಯ ಬಿಸಿಲು, ಸಾಲದ್ದಕ್ಕೆ ಆ ವಿಡಿಯೋದವನು ತನ್ನ ದೊಡ್ಡ ಲೈಟನ್ನು ಸರಿಯಾಗಿ ಅವರ ಹಣೆಗೇ ಹಿಡಿದು ನಿಂತಿದ್ದಾನೆ, ಸುಟ್ಟು ಹೋಗಲಿ ಅವನ ಲೈಟು. ನಮ್ಮ ಬಸದಿಯ ಪಂಚಕಲ್ಯಾಣದ ಎರಡನೆಯ ದಿನ, ತೀರ್ಥಂಕರ ಭಗವಂತನ ಜನ್ಮಾಭಿಷೇಕ, ನಮ್ಮ ಮಾವ ನೇಮಣ್ಣ ಇವತ್ತು ಇಂದ್ರ, ಅತ್ತೆ ಇಂದ್ರಾಣಿ, ಮೇರು ಪರ್ವತವೆಂದು ಕಟ್ಟಿದ ಕಟ್ಟಿಗೆಯ ಅಟ್ಟದ ಕೆಳಗೆ ಇಬ್ಬರೂ ಮಣೆಯ ಮೇಲೆ ಕೂತಿದ್ದಾರೆ, ಹೆಂಗಸರ ಹಾಡು ಮುಗಿದೊಡನೆ ಮಾವ ಎದ್ದು ಮೂರ್ತಿಯನ್ನು ಎತ್ತಿಕೊಂಡು ಒಂಬತ್ತು ಮೆಟ್ಟಿಲು ಏರಬೇಕು, ಮೊದಲ ಕಲಶ ಅವರದೇ, ಅಷ್ಟರೊಳಗೆ ನಾನು ಏನಾದರೂ ಮಾಡಬೇಕು, ಇಲ್ಲವೇ ಏನೂ ಮಾಡದೆ ಬಾಯಿ ಹೊಲಿದುಕೊಂಡು ಕೂರಬೇಕು. ಆ ಕಿರೀಟದಲ್ಲಿರುವುದು ಚರ್ಮ. ಚರ್ಮ, ಗೊರಸು, ಎಲುಬು, ಎಲ್ಲ ಕುದಿಸಿ ಇಳಿಸಿದ ಅಂಟು, ಅದರ ಮೇಲೆ ಬೇಗಡೆಯ ಬಂಗಾರದ ಹಾಳೆ, ಅದರ ಮೇಲೆ ಕನ್ನಡಿ, ಅದರ ಕೆಳಗೆ ನನ್ನ ಮಾವನ ತಲೆ, ಇಪ್ಪತ್ತೆರಡು ವರ್ಷದಿಂದ ಚಪ್ಪಲಿ ಮೆಟ್ಟದ ಮಾವ, ಮತ್ತು ಇದು ನನಗೆ ಗೊತ್ತಾಗಿ ಇನ್ನೂ ಅರ್ಧ ತಾಸು ಆಗಿಲ್ಲ.

ಸೂಜಿ ದಾರದ ಡಬ್ಬಿ ಕೈಯಲ್ಲಿ ಬೆವರಿಗೆ ಜಾರುತ್ತಿದೆ, ಏನಾದರೂ ಹರಿದರೆ ಬಿಚ್ಚಿದರೆ ಹೊಲಿಯಲಿ ಎಂದು ನನ್ನನ್ನು ಮಂದಿಯನ್ನು ತಡೆಯಲು ಕಟ್ಟಿದ ಹಗ್ಗದ ಈಚೆ, ಅಟ್ಟದ ಬುಡದಲ್ಲೇ ನಿಲ್ಲಿಸಿದ್ದಾರೆ, ದೊಡ್ಡ ಮರ್ಯಾದೆ, ಬೇಡಿ ಪಡೆದ ಮರ್ಯಾದೆ, ಯಾರಾದರೂ ನನಗೆ ಮಾಡು ಅಂದಿದ್ದರೇ? ಕಮಿಟಿಯವರು ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ಸಾಂಗ್ಲಿಯಿಂದ ಬಾಡಿಗೆಯ ವೇಷ ತರಿಸುವ ಮಾತಾಡುತ್ತಿದ್ದರು, ನಾನೇ ಬಾಗಿಲ ಮರೆಯಿಂದ ಬಾಯಿ ಹಾಕಿದೆ, ಬ್ಯಾಡ್ರಿ, ಮನ್ಯಾಗ ನಾ ಮಾಡ್ತೀನಿ. ಅತ್ತೆ ಮೂಗು ಮುರಿದರು, ಮನ್ಯಾಗ ಮಾಡಿದ್ದು ಮನ್ಯಾಗಿನ ಗತೀನ ಕಾಣ್ತೈತಿ, ನಾಕ ಮಂದ್ಯಾಗ ನಗಿಗೀಡ ಮಾಡಬ್ಯಾಡ — ಅತ್ತೆಗೆ ನೆನಪಿರಲಿಲ್ಲವೋ ಏನೋ, ಸಾಲೆಯ ಗ್ಯಾದರಿಂಗಿನಲ್ಲಿ ಪ್ರಣಿತಾಳಿಗೆ ನಾನು ನವಿಲಿನ ವೇಷ ಹಾಕಿದ್ದೆ, ರಟ್ಟು, ಬಣ್ಣದ ಕಾಗದ, ಹಳೇ ಛತ್ರಿಯ ಕಡ್ಡಿ, ಅಷ್ಟೇ, ಮಗಳು ಸ್ಟೇಜಿನ ಮೇಲೆ ದಾರ ಜಗ್ಗಿ ರೆಕ್ಕೆ ಬಿಚ್ಚಿದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ಗಾಬರಿಯಾಗಿ, ಏ ತಂಗಿ, ಯಾವ ನವಲಿನ ಗರಿ ಕಿತ್ತಿ ನೀನು, ಪಾಪ ಅಲ್ಲೇನ, ಎಂದು ನನ್ನನ್ನೇ ಗದರಿಸಿದ್ದಳು, ಆ ಬೈಗುಳವನ್ನು ನಾನು ವರ್ಷಗಟ್ಟಲೆ ಸವಿದೆ. ಮಾವ ಅವತ್ತು ನನ್ನ ಕಡೆ ನೋಡದೆ ಅಂದರು, ಮಾಡ್ಲಿ ಬಿಡ್ರಿ, ಬಾಡಗಿ ವೇಷ ಯಾರ್ಯಾರ ತಲಿ ಮ್ಯಾಗ ಕುಂತು ಬಂದಿರ್ತೈತೋ, ಅದಕ್ಕ ಏನೇನ ಹಚ್ಚಿರ್ತಾರೋ, ಮನ್ಯಾಗ ಆದ್ರ ಶುದ್ಧ ಇರ್ತೈತಿ. ಶುದ್ಧ ಇರುತ್ತದೆ ಎಂದೇ ಒಪ್ಪಿದ್ದು! ಆಮೇಲೆ ನನ್ನನ್ನು ಕರೆದು ಕೂರಿಸಿ ಹೇಳಿದ್ದು ಒಂದೇ ಮಾತು, ರೇಷ್ಮಿ ಬ್ಯಾಡವಾ, ಹತ್ತಿ ಅರಿವಿ ಇರ್ಲಿ. ಅದನ್ನು ಅವರು ಹೇಳಬೇಕಿತ್ತೇ, ನನಗೆ ಗೊತ್ತಿರಲಿಲ್ಲವೇ, ಹತ್ತಿಯ ಬಟ್ಟೆಗೇ ಅರಿಶಿನದ ಬಣ್ಣ ಕಟ್ಟಿ ಪೀತಾಂಬರ ಮಾಡಿದೆ, ಮುತ್ತು ಬೇಡ, ಅದೂ ಜೀವದ್ದೇ ಎಂದು ಪ್ಲಾಸ್ಟಿಕ್ ಮಣಿ ಪೋಣಿಸಿದೆ, ಭುಜದ ಮೇಲಿನ ಆಭರಣಕ್ಕೆ ಅರಗು ತುಂಬಿದರೆ ಗಟ್ಟಿ ನಿಲ್ಲುತ್ತದೆ ಎಂದರು, ಅರಗಿನಲ್ಲಿ ಹುಳ ಇರುತ್ತವೆ ಎಂದು ಅದನ್ನೂ ಬಿಟ್ಟೆ, ಇಂದ್ರನ ಕೈಯ ವಜ್ರಾಯುಧಕ್ಕೆ ಸವೆದ ಲಟ್ಟಣಿಗೆ, ನಡುಪಟ್ಟಿಗೆ ಗೋಣಿಯ ಪಟ್ಟಿ. ಇಷ್ಟೆಲ್ಲ ಸೋಸಿ ಸೋಸಿ ಮಾಡಿದವಳು ಕೊನೆಗೆ ಎಡವಿದ್ದು ಒಂದು ಮಾತಿನಲ್ಲಿ, ಮೂರಕ್ಷರದ ಮಾತಿನಲ್ಲಿ.

ಗೋಕಾಕಕ್ಕೆ ಹೋದದ್ದು ಮೂರು ವಾರದ ಹಿಂದಿನ ಸೋಮವಾರ, ಬಸ್ಸಿನ ತುಂಬ ಮಂದಿ, ನಿಂತೇ ಹೋದೆ, ಗೊಂಬೆ ಮಾಡುವ ದುರ್ಗಪ್ಪನ ಅಂಗಡಿ ಅಂದರೆ ಎಲ್ಲರೂ ತೋರಿಸುತ್ತಾರೆ, ಕಟ್ಟಿಗೆಯಲ್ಲಿ ಮಾವಿನಹಣ್ಣು ಸೀತಾಫಲ ಬಾಳೆಹಣ್ಣು ಮಾಡಿ ಬುಟ್ಟಿಯಲ್ಲಿಟ್ಟಿದ್ದ, ನಿಜವಾದ ಹಣ್ಣೆಂದು ಯಾವುದೋ ಕೂಸು ಕಚ್ಚಿದ ಗುರುತು ಒಂದು ಪೇರಲಹಣ್ಣಿನ ಮೇಲೆ ಇತ್ತು. ಅವನು ಒಳ್ಳೆಯ ಮನುಷ್ಯ, ಹಗುರ ಕಟ್ಟಿಗೆ ಕೊಟ್ಟ, ತೆಳ್ಳಗೆ ಸೀಳುವುದು ಹೇಗೆ, ಹೊಟ್ಟು ಕಲಸಿ ಹೂವು ಬಳ್ಳಿ ಎತ್ತುವುದು ಹೇಗೆ, ಬೇಗಡೆ ಹಚ್ಚುವಾಗ ಉಸಿರು ಹಿಡಿಯಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ, ಎಲ್ಲ ಹೇಳಿಕೊಟ್ಟ. ಕಡೆಗೆ ಅಂಟಿನ ಮಾತು ಬಂತು, ಗೋಕಾಕದಲ್ಲಿ ಅಂಟು ಅಂದರೆ ಕರದಂಟಿನೊಳಗಿನದು, ತಿನ್ನುವುದು, ಹಾಗಂತ ನಾನು ನಗೆಯಾಡಿದೆ, ಅವನೂ ನಕ್ಕು, ಎರಡ ಅದಾವ್ರಿ ಅಕ್ಕಾರ, ಒಂದು ಹುಣಸಿಬೀಜದ್ದು, ಒಂದು ಸರಸ, ಯಾವ್ದ ಕೊಡ್ಲಿ? ನನ್ನ ಕಿವಿಗೆ ಬಿದ್ದದ್ದು ಏನು — ಒಂದು ಹುಣಸೆಬೀಜದ್ದು, ಒಂದು ಅದಕ್ಕಿಂತ ಚಲೋದು. ಹತ್ತರಗಿಯ ನಮ್ಮ ತವರಿನಲ್ಲಿ ಮರಾಠಿಯೇ ಮನೆಮಾತು, ಅವ್ವ ಕಾಗಲ ಕಡೆಯವಳು, ಎರಡು ಸೀರೆ ಮುಂದೆ ಹಾಸಿದರೆ ಒಂದನ್ನು ಮುಟ್ಟಿ, ಹೀ ಸರಸ ಆಹೇ, ಇದು ಮೇಲು, ಅನ್ನುತ್ತಾಳೆ, ಸರಸ ಅಂದರೆ ನನಗೆ ಹುಟ್ಟಿದಾಗಿನಿಂದ ಮೇಲಾದದ್ದು, ಉತ್ತಮವಾದದ್ದು, ಅಂಟಿಗೆ ನಾವು ಡಿಂಕ ಅನ್ನುತ್ತಿದ್ದೆವು, ಸಾಲೆಯ ಕನ್ನಡ ಪುಸ್ತಕದಲ್ಲಿ ಸರಸ ಅಂದರೆ ಗಂಡಹೆಂಡಿರ ಚಲ್ಲಾಟ, ಅದು ಇಲ್ಲಿ ಹೇಗೆ ಬರಬೇಕು. ಮೇಲಾದದ್ದು ಇದೆ ಅಂದಮೇಲೆ ಕಡಿಮೆಯದು ಯಾರು ಒಯ್ಯುತ್ತಾರೆ, ದೇವರ ಕೆಲಸಕ್ಕೆ, ಅದೂ ಮಾವನ ತಲೆಗೆ? ಸರಸ ಇದ್ದದ್ದ ಕೊಡ್ರಿ, ಅಂದೆ, ಗತ್ತಿನಿಂದಲೇ ಅಂದೆ. ದುರ್ಗಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ, ಹೌದು ನೋಡಿದ, ಈಗ ನೆನಪಾಗುತ್ತಿದೆ, ಆ ನೋಟವನ್ನು ನಾನು ಮೆಚ್ಚುಗೆ ಎಂದುಕೊಂಡೆ, ಈ ಹೆಂಗಸಿಗೆ ಸಾಮಾನಿನ ಪರೀಕ್ಷೆ ಇದೆ ಎಂಬ ಮೆಚ್ಚುಗೆ.

ಕೆಂಪು ಬೆಲ್ಲದ ಚೂರಿನಂಥ ತುಂಡುಗಳು, ಒಡೆದ ಬಾಟ್ಲಿಯಂತೆ ಹೊಳೆಯುತ್ತಿದ್ದವು, ರಾತ್ರಿಯಿಡೀ ನೀರಲ್ಲಿ ನೆನೆಸಿ ಮರುದಿನ ಬಚ್ಚಲ ಒಲೆಯ ಮೇಲೆ, ಒಂದು ಪಾತ್ರೆಯ ನೀರೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿದೆ, ವಾಸನೆ ಎದ್ದಿತು, ಎಂಥ ವಾಸನೆ, ಸೆರಗು ಮೂಗಿಗೆ ಕಟ್ಟಿಕೊಂಡೆ, ಅಲ್ಲೇ ತಿಳಿಯಬೇಕಿತ್ತಲ್ಲ, ಮೂಗು ಹೇಳಿತ್ತು, ಕೇಳಲಿಲ್ಲ. ಅತ್ತೆ ಹಿತ್ತಲಿನಿಂದ ಕೂಗಿದರು, ಏನ ಸತ್ತೈತಿ ನೋಡ ಅಲ್ಲೆ, ಇಲಿ ಸತ್ತಿರಬೇಕು, ಇವರು ಕೂಡ, ನನ್ನ ಗಂಡ ಅಣ್ಣಪ್ಪ, ಇಲಿ ಹುಡುಕುತ್ತ ಮೂಲೆ ಮೂಲೆ ಬಗ್ಗಿದರು, ನಾನು ನಗುತ್ತ ಕೂತಿದ್ದೆ, ಚಲೋ ಸಾಮಾನಿಗೆ ಚಲೋ ವಾಸನಿ ಇರಬೇಕಂತೇನು ಐತಿ, ಅಂದೆ. ಮತ್ತು ಕೆಲಸಕ್ಕೆ ಬಂದಾಗ ಎಂಥ ಅಂಟು ಅದು! ಮುಟ್ಟಿದರೆ ಹಿಡಿಯುತ್ತದೆ, ಒಣಗಿದರೆ ಕಲ್ಲು, ಬೇಗಡೆಯ ಕೆಳಗಿನಿಂದ ಅದರ ಕೆಂಪು ಕಾಣಿಸಿ ಬಂಗಾರಕ್ಕೆ ಇನ್ನೂ ಬಣ್ಣ ಬರುತ್ತದೆ, ಹದಿನೇಳು ದಿನ, ಅಡುಗೆ ಮುಗಿಸಿ ಬಂದು ಕೂತರೆ ಹೊತ್ತು ಹೋದದ್ದೇ ತಿಳಿಯದು, ಒಂದೊಂದು ಎಲೆ, ಒಂದೊಂದು ಮೊಗ್ಗು, ಬಂಗಾರದ ಚೂರು ಬೆರಳಿಗೂ ಕೆನ್ನೆಗೂ, ರೊಟ್ಟಿ ಬಡಿಯುವಾಗ ರೊಟ್ಟಿಯ ಮೇಲೂ ಮಿಂಚು. ಒಳಗಡೆ ತಲೆಗೆ ಚುಚ್ಚದಿರಲಿ ಎಂದು ಮೆತ್ತನೆಯ ಕೆಂಪು ಬಟ್ಟೆ, ಅದನ್ನು ಹೊಲಿಯಬಹುದಿತ್ತು, ಹೊಲಿಗೆಯ ಗಂಟು ಒತ್ತುತ್ತದೆ ಎಂದು ಅದಕ್ಕೂ ಅದೇ ಅಂಟು, ಧಾರಾಳವಾಗಿ, ಎರಡು ಕೋಟು. ಅದೇ ಈಗ ಮಾವನ ಹಣೆಗೆ ಹತ್ತಿಕೊಂಡಿರುವುದು, ಬಿಸಿಲಿಗೆ ಬೆವರಿಗೆ ಮೆತ್ತಗಾಗುತ್ತಿರುವುದು, ಕಾದರೆ ಕರಗುತ್ತದೆ ನೀರು ತಾಕಿದರೆ ಬಿಡುತ್ತದೆ ಎಂದು ದುರ್ಗಪ್ಪ ಹೇಳಿದ್ದ, ಆಗ ಅದು ಕೆಲಸದ ಮಾತಾಗಿತ್ತು.

ಆ ದುರ್ಗಪ್ಪ ಇವತ್ತು ಬರಬೇಕೇ, ಕರೆದವಳು ನಾನೇ, ನನ್ನ ಕೆಲಸ ನೋಡಿ ಹೊಗಳಲಿ ಎಂದು, ಹೊಗಳಿದ, ಹಗ್ಗದ ಆಚೆ ನಿಂತು ಕೈಮುಗಿದು, ಮಸ್ತ ಆಗೇತ್ರಿ ಅಕ್ಕಾರ, ನಮ್ಮ ಓಣ್ಯಾಗ ಹಿರ್ಯಾರ ಸೈತ ಇಷ್ಟು ನಾಜೂಕ ಮಾಡೂದಿಲ್ಲ, ನಾನು ಉಬ್ಬಿ ಹೋದೆ, ಅವನು ಮುಂದುವರಿಸಿದ, ಹುಣಸಿ ಅಂಟಿನ್ಯಾಗ ಈ ಮಿಂಚ ಬರೂದಿಲ್ಲ, ಸರಸಿನ ಕೆಲಸನ ಬ್ಯಾರೆ, ನಾ ಅವತ್ತ ಅಂದ್ಕೊಂಡಿದ್ನಿ, ಜೈನರ ಮನಿಯವ್ರು, ಹುಣಸೀದ ಒಯ್ತಾರ ಅಂತ, ನೀವು ಸರಸ ಅಂದ್ರಿ, ನಿಮ್ಮೊಳಗ ನಡಿತೈತಿ ಏನೋ ಅಂತ ಸುಮ್ನಾದ್ನಿ. ಏನ ನಡಿತೈತಿ ಅಣ್ಣಾ, ಅಂದೆ, ಇನ್ನೂ ನಗುತ್ತಲೇ ಅಂದೆ. ಅಲ್ರೀ, ತೊಗಲು ಗೊರಸು ಕುದಿಸಿ ಮಾಡೂದಲ್ರಿ ಅದು, ಸರಸ ಅಂದ್ರ ಮತ್ತೇನು. ನಗು ಮುಖದ ಮೇಲೆ ಹಾಗೆಯೇ ಉಳಿದುಬಿಟ್ಟಿತ್ತೇನೋ, ಅವನಿಗೆ ಏನೂ ತಿಳಿಯಲಿಲ್ಲ, ಊಟದ ಪೆಂಡಾಲು ಯಾ ಕಡಿ ಐತ್ರಿ ಎಂದು ಕೇಳಿದ, ಕೈ ತೋರಿಸಿದೆ, ಹೋದ. ಹೋದಮೇಲೆ ಸುತ್ತ ನೋಡಿದೆ, ಯಾರೂ ಕೇಳಿಸಿಕೊಂಡಿಲ್ಲ, ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೆ ಕೇಳಬೇಕು, ಹಾಗಾದರೆ ಇದು ಗೊತ್ತಿರುವುದು ನನಗೊಬ್ಬಳಿಗೇ, ಈ ಯೋಚನೆ ಬಂದೊಡನೆ ಒಂದು ನಿಮಿಷ ಹಗುರಾದೆ, ಹೌದು, ಹಗುರಾದೆ, ನಾಚಿಕೆಯಿಲ್ಲದವಳು.

ಹೇಳದಿದ್ದರೆ ಏನಾಗುತ್ತದೆ, ಇನ್ನೊಂದು ತಾಸು, ಅಭಿಷೇಕ ಮುಗಿಯುತ್ತದೆ, ಕಿರೀಟ ತೆಗೆದು ಟ್ರಂಕಿನಲ್ಲಿಡುತ್ತೇನೆ, ಯಾವತ್ತಾದರೂ ಹೊಳೆಗೆ ಬಿಡುತ್ತೇನೆ. ಹೇಳಿದರೆ? ಬೈಯುವ ಮಾವ ಆಗಿದ್ದರೆ ಬೈಸಿಕೊಂಡು ಮುಗಿಸಬಹುದಿತ್ತು, ನಮ್ಮ ಮಾವ ಬೈಯುವುದಿಲ್ಲ, ಉಪವಾಸ ಕೂರುತ್ತಾರೆ. ಮದುವೆಯಾದ ಹೊಸತರಲ್ಲಿ ನಮ್ಮಪ್ಪ ಅಳಿಯನಿಗೆಂದು ಹೊಸ ಪಾಕೀಟು ಕೊಟ್ಟಿದ್ದ, ಚರ್ಮದ್ದು, ಅವನಿಗೇನು ಗೊತ್ತು, ಮಾವ ಅದನ್ನು ಕಡ್ಡಿಯಿಂದ ಎತ್ತಿ ಹಿತ್ತಲಿಗೆ ಹಾಕಿ ಎರಡು ದಿನ ನೀರು ಸಹ ಮುಟ್ಟಲಿಲ್ಲ, ನನಗೆ ಒಂದು ಮಾತೂ ಅನ್ನಲಿಲ್ಲ, ಆ ಎರಡು ದಿನ ನಾನೂ ಸರಿಯಾಗಿ ಉಣ್ಣಲಿಲ್ಲ. ಬಾರುಕೋಲಿನ ತುದಿಯ ತೊಗಲು ಬಿಚ್ಚಿ ಹಗ್ಗ ಕಟ್ಟಿದವರು, ಬಸ್ಸಿನ ಸೀಟು ಚರ್ಮವೋ ರೆಕ್ಸಿನ್ನೋ ಎಂದು ಕಂಡಕ್ಟರನನ್ನು ಕೇಳಿ ಎಲ್ಲರನ್ನೂ ನಗಿಸಿದವರು, ಚರ್ಮ ಮುಟ್ಟೆನೆಂದು ಮುನಿಮಹಾರಾಜರ ಮುಂದೆ ಕೈ ಮುಗಿದು ತೆಗೆದುಕೊಂಡ ವ್ರತ. ಈಗ ಅರವತ್ತೆಂಟು, ಸಕ್ಕರೆ ಕಾಯಿಲೆ, ಪಾಕೀಟು ಮನೆಗೆ ಬಂದದ್ದಕ್ಕೆ ಎರಡು ದಿನ ಆದರೆ ತಲೆಯ ಮೇಲೆ ಹೊತ್ತದ್ದಕ್ಕೆ ಎಷ್ಟು ದಿನ, ಹೊತ್ತುಕೊಂಡೇ ಭಗವಂತನನ್ನು ಮುಟ್ಟಿದ್ದಕ್ಕೆ ಎಷ್ಟು? ಮುಟ್ಟುವ ಮೊದಲೇ ಹೇಳಿಬಿಡಬೇಕು, ಮುಟ್ಟಿದಮೇಲೆ ಹೇಳಿದರೆ ಕೊಂದ ಹಾಗೆ, ಯಾವತ್ತೂ ಹೇಳದಿದ್ದರೆ — ದಿನಾ ಬಡಿಸುವಾಗ ಆ ಮುಖ ನೋಡಬೇಕಲ್ಲ, ಉಂಡು ಕೈತೊಳೆದು, ವಂದನಾ, ಶುದ್ಧ ಮಾಡಿದಿ ನೋಡವಾ ಅವತ್ತ, ಎಂದು ಅವರೇನಾದರೂ ಅಂದರೆ ನಾನು ಎಲ್ಲಿ ಮುಖ ಇಡಲಿ. ಅಯ್ಯೋ, ಅದು ಏನು ಅವರ ಹಣೆಯ ಮೇಲೆ, ಕಿರೀಟದ ಅಂಚಿನಿಂದ, ಬೆವರಲ್ಲ, ಬೆವರಿಗೆ ಬಣ್ಣ ಇರುವುದಿಲ್ಲ, ಕಂದು ಹನಿ, ಒಂದೇ ಒಂದು, ಕೂದಲ ಬುಡದಲ್ಲಿ ನಿಂತಿದೆ.

ಹಾಡು ಕೊನೆಯ ನುಡಿಗೆ ಬಂತು, ಪೂಜೆ ಮಾಡಿಸುವ ಉಪಾಧ್ಯೆಯವರು ಗಂಟೆಗೆ ಕೈ ಹಾಕಿದರು, ನನ್ನ ಕಾಲುಗಳು ಯಾವಾಗ ನಡೆಯಲು ಶುರುಮಾಡಿದವೋ ತಿಳಿಯದು, ಸೂಜಿ ಡಬ್ಬಿ ಮುಂದೆ ಹಿಡಿದಿದ್ದೇನೆ, ಅದೇ ನನ್ನ ಪರವಾನಿಗೆ, ಅತ್ತೆ ಹಲ್ಲು ಕಚ್ಚಿ ಹೇಳುತ್ತಾರೆ, ಹಿಂದ ಸರಿ, ವಿಡಿಯೋಕ್ಕ ಅಡ್ಡ ಬಂದೀ ನೋಡ, ಕಿರೀಟ ಸಡ್ಲ ಆಗೇತ್ರಿ ಅತ್ತೀ, ಒಂದ ನಿಮಿಷ, ಅನ್ನುತ್ತ ಮಾವನ ಬಗಲಲ್ಲಿ ಮೊಣಕಾಲೂರಿದೆ. ಅವರು ತಲೆ ಬಗ್ಗಿಸಿಕೊಟ್ಟರು, ಕೂಸು ತಲೆ ಬಾಚಿಸಿಕೊಳ್ಳಲು ಬಗ್ಗಿಸುವ ಹಾಗೆ, ನನ್ನ ಕೈ ಕಿರೀಟದ ಮೇಲೆ, ಬಾಯಿ ಅವರ ಕಿವಿಯ ಹತ್ತಿರ, ಮಾತು ಬಂತು, ಮಾವಾರ, ತಪ್ಪಾಗೇತ್ರಿ ನನ್ನಿಂದ, ಇದಕ್ಕ ಹಚ್ಚಿದ ಅಂಟು ತೊಗಲಿಂದಂತ್ರಿ, ನನಗ ಗೊತ್ತಿದ್ದಿದ್ದಿಲ್ರಿ, ಈಗ ತಿಳೀತು, ತಗದ ಬಿಡ್ರಿ, ಹತ್ತಿ ರುಮಾಲು ಸುತ್ತತೀನಿ. ಹೇಳಿಯೇ ಬಿಟ್ಟೆ, ಇನ್ನು ಎದ್ದು ಕಿರೀಟ ಕಿತ್ತು ಎಸೆಯುತ್ತಾರೆ, ಎಸೆಯಲಿ, ಊರೆಲ್ಲ ನೋಡಲಿ, ನೇಮಣ್ಣನ ಸೊಸೆ ಏನು ಮಾಡಿದಳು ಕೇಳಿದಿರಾ ಎಂದು ಇಲ್ಲಿಂದ ಮೂಡಲಗಿಯವರೆಗೂ ಆಡಿಕೊಳ್ಳಲಿ, ಈ ಎದೆಯ ಮೇಲಿನ ಕಲ್ಲು ಇಳಿದರೆ ಸಾಕು. ಅವರ ಕತ್ತಿನ ನರ ಬಿಗಿಯಿತು, ಇಷ್ಟೇ, ತಲೆ ಎತ್ತಲಿಲ್ಲ, ಉಸಿರು ಬಿಟ್ಟರು, ಮೆಲ್ಲಗೆ ಕೇಳಿದರು, ಯಾರಿಗೆರ ಹೇಳೀಯೇನು? ಇಲ್ರಿ, ಅಂದೆ. ಹೇಳಬ್ಯಾಡ.

ಹೇಳಬ್ಯಾಡ ಅಂದರು, ನಮ್ಮ ಮಾವ, ಹೇಳಬ್ಯಾಡ ಅಂದರು, ನಾನು ಸರಿಯಾಗಿ ಕೇಳಿಸಿಕೊಂಡೆನೇ, ಮತ್ತೆ ಎರಡೂ ಕೈಯಿಂದ ಕಿರೀಟವನ್ನು ಹಿಡಿದು ಕೆಳಗೆ ಒತ್ತಿದರು, ಬೀಳದಂತೆ, ಗಟ್ಟಿಯಾಗಿ, ಕಿವಿಯ ತನಕ — ನನ್ನ ಮಾನ ಉಳಿಸಲು ಅಂದರೇ, ಸೊಸೆಯ ಹೆಸರು ಕೆಡದಿರಲಿ ಎಂದು ಪಾಪವನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡರೇ, ಹಾಗೆ ಅಂದುಕೊಳ್ಳಬೇಕೆಂದು ನನಗೆ ಎಷ್ಟು ಆಸೆ, ಆದರೆ ಏಳುವಾಗ ಅವರ ಮುಖ ನೋಡಿದೆನಲ್ಲ, ಆ ಮುಖ ಮೂರು ಸಾವಿರ ಮಂದಿಯ ಕಡೆ ಇತ್ತು, ಮೂವತ್ತು ವರ್ಷ ಹಾದಿ ಕಾಯ್ದ ದಿನ ಇದು, ಜೀವಮಾನಕ್ಕೆ ಒಂದು ಸಲ ಬರುವ ಪಾತ್ರ, ಆ ಕಣ್ಣಲ್ಲಿ ಇದ್ದದ್ದು ಆಸೆ, ಬರೀ ಆಸೆ, ನನ್ನ ನವಿಲನ್ನು ಮಂದಿ ನೋಡುವಾಗ ನನ್ನ ಕಣ್ಣಲ್ಲಿ ಇದ್ದಿರಬಹುದಾದದ್ದೇ. ಸಿಟ್ಟು ಬರುತ್ತಿದೆ, ಎರಡು ದಿನ ನೀರು ಬಿಟ್ಟವರು ನೀವೇ ಅಲ್ಲವೇ, ನನ್ನ ಅಪ್ಪ ಕೊಟ್ಟದ್ದನ್ನು ಕಡ್ಡಿಯಿಂದ ಎತ್ತಿದವರು, ಸಿಟ್ಟು ಬಂದಷ್ಟೇ ಬೇಗ ಕರುಳೂ ಚುರ್ ಅನ್ನುತ್ತಿದೆ, ಇಷ್ಟು ವರ್ಷ ಅವರಿಗೆ ಹೆದರಿದವಳು ಈಗ ಅವರ ಸಲುವಾಗಿ ಹೆದರುತ್ತಿದ್ದೇನೆ, ಈ ಒಂದು ತಾಸು ಮುಗಿದಮೇಲೆ ಆ ಮನುಷ್ಯ ತನ್ನ ಜೊತೆ ತಾನು ಹೇಗೆ ಇರುತ್ತಾನೆ. ಉಪಾಧ್ಯೆಯವರು ಮೂರ್ತಿಯನ್ನು ಅವರ ಕೈಗಿತ್ತರು, ಜೈಕಾರ ಎದ್ದಿತು, ಮಾವ ಎದೆಗೆ ಅವಚಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ಧೋತರ ತೊಡರದಿರಲಿ ಎಂದು ತಲೆ ಬಗ್ಗಿಸಿ ನೋಡಿಕೊಂಡು ಏರುತ್ತಿದ್ದಾರೆ, ಎರಡು, ಮೂರು, ಒತ್ತಿದ್ದಕ್ಕೆ ಹನಿ ಕೆಳಗೆ ಇಳಿದಿದೆ, ಹಣೆ ದಾಟಿ ಹುಬ್ಬಿನ ಮೇಲೆ ಬಂದಿದೆ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ, ನಾಲ್ಕು, ಎರಡೂ ಕೈಯಲ್ಲಿ ಮೂರ್ತಿ, ವಿಡಿಯೋದ ಬೆಳಕಿನಲ್ಲಿ ಕಂದು ಹನಿ, ಐದು, ಹುಬ್ಬಿನ ಕೊನೆಗೆ ಜಾರಿ ದಪ್ಪಗಾಗಿದೆ, ಸರಿಯಾಗಿ ಅದರ ಕೆಳಗೆ ಭಗವಂತನ ಬಿಳಿ ಕಲ್ಲಿನ ತಲೆ, ಆರು, ಬೀಳಬೇಡ, ಹುಬ್ಬಿನ ತುದಿಯಲ್ಲಿ ಕಂದು ಹನಿ, ಬೀಳಬೇಡ, ತೂಗುತ್ತಿದೆ